ಬಾಯಿ ಬಿಟ್ಟ ಬೋರ್ಡಿಗೆ ಚಪ್ಪಲಿ ಅಂಟು

ವಿಂಡ್‌ಸರ್ಫಿಂಗ್ ಬೋರ್ಡ್ ಅಂದರೇನು ಎಂದು ನಮ್ಮ ಹೊಳೆನರಸೀಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಸಮುದ್ರದ ಅಲೆ ಏರಿ ಬರುವಾಗ ಅದರ ಮೇಲೆ ನಿಂತು ಜಾರುವ ಹಲಗೆ ಎನ್ನುತ್ತಾರೆ. ಅದು ಬರೀ ಸರ್ಫಿಂಗ್. ನಮ್ಮ ರಾಜ್ಯದಲ್ಲಿ ಮೂಲ್ಕಿ, ಸಸಿಹಿತ್ಲು, ಪಣಂಬೂರು ಕಡೆ ನಡೆಯುವುದು ಅದು. ವಿಂಡ್‌ಸರ್ಫಿಂಗ್‌ಗೆ ಅಲೆಯೇ ಬೇಕಿಲ್ಲ, ಗಾಳಿ ಇದ್ದರೆ ಸಾಕು. ಹಲಗೆಯ ನಡುವೆ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲು, ಕೀಲಿನ ಮೇಲೆ ಕಂಬ, ಕಂಬಕ್ಕೊಂದು ಹಾಯಿಪಟ. ಚುಕ್ಕಾಣಿ ಇಲ್ಲ, ಹಗ್ಗ ಇಲ್ಲ. ಮೇಲೆ ನಿಂತವರು ಪಟವನ್ನು ಕೈಯಲ್ಲೇ ಹಿಡಿದು ಹಿಂದೆ ಮುಂದೆ ವಾಲಿಸುತ್ತಾ ದಿಕ್ಕು ಬದಲಿಸಬೇಕು. ಕೆರೆಯಲ್ಲೂ ಆದೀತು, ಅಣೆಕಟ್ಟೆಯ ಹಿನ್ನೀರಿನಲ್ಲೂ ಆದೀತು.

ಆ ಬಾಗುವ ಕೀಲಿನ ಕಥೆ ಎಂಜಿನಿಯರಿಂಗ್ ಓದುವವರು ಕೇಳಲೇಬೇಕಾದದ್ದು. ಅಮೆರಿಕದ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಅವರ ಗೆಳೆಯ ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಬೋರ್ಡುಗಳು ಬಿಸಿ ದೋಸೆಯಂತೆ ಖರ್ಚಾದವು, ಕೋರ್ಟು ಕಚೇರಿಯೂ ಶುರುವಾಯಿತು. ಇಂಗ್ಲೆಂಡಿನ ನ್ಯಾಯಾಲಯ 1985ರಲ್ಲಿ ಆ ಪೇಟೆಂಟ್ ಅಲ್ಲಿ ನಿಲ್ಲುವುದಿಲ್ಲ ಎಂದಿತು. ಯಾಕೆಂದರೆ 1958ರಲ್ಲೇ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ ಹೇಲಿಂಗ್ ದ್ವೀಪದ ಬಳಿ ತಾನೇ ಮಾಡಿಕೊಂಡ ಹಲಗೆಗೆ ಪಟ ಸಿಕ್ಕಿಸಿ ಆಡಿದ್ದ. ಪೇಟೆಂಟ್ ಕಾನೂನು ಓದುವವರು ಈಗಲೂ ಈ ಪ್ರಕರಣವನ್ನು ಓದುತ್ತಾರೆ. ಕೋರ್ಟು ಮುಗಿಯುವ ಮೊದಲೇ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆಟ ಕಾಲಿಟ್ಟಾಗಿತ್ತು.

ಒಲಿಂಪಿಕ್ಸ್‌ನಲ್ಲಿ ಒಂದು ತೊಂದರೆ ಇದೆ. ಕೆಲವು ವರ್ಷಕ್ಕೊಮ್ಮೆ ಅವರು ಬೋರ್ಡಿನ ಮಾದರಿಯನ್ನೇ ಬದಲಿಸುತ್ತಾರೆ. 2008ರ ಬೀಜಿಂಗ್‌ನಿಂದ ಟೋಕಿಯೊವರೆಗೆ ಇದ್ದದ್ದು ಆರ್‌ಎಸ್‌:ಎಕ್ಸ್. 2024ರ ಪ್ಯಾರಿಸ್‌ಗೆ ಐಕ್ಯೂಫಾಯಿಲ್ ಬಂತು, ಅದು ನೀರಿನಿಂದ ಮೇಲೆದ್ದು ಹಾರುವಂತೆ ಓಡುವ ಬೋರ್ಡು. ಹಾಗೆಂದು ಹಳೆಯದು ಕೆಲಸಕ್ಕೆ ಬಾರದ್ದಾಯಿತೆ? 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಇಬಾದ್ ಅಲಿ ಕಂಚು ಗೆದ್ದದ್ದು ಅದೇ ಆರ್‌ಎಸ್‌:ಎಕ್ಸ್ ಬೋರ್ಡಿನ ವಿಭಾಗದಲ್ಲಿ. ನಮ್ಮಂಥ ದೇಶದಲ್ಲಿ ಕಲಿಯುವವರ ಕೈಗೆ ಸಿಗುವುದು ಯಾರೋ ಬಳಸಿ ಬಿಟ್ಟ ಬೋರ್ಡು. ಅದು ಎಷ್ಟು ವರ್ಷ ಬಾಳುತ್ತದೋ ಅಷ್ಟು ವರ್ಷ ಅವರ ಅಭ್ಯಾಸ.

ಅಂಥದ್ದೊಂದು ಬೋರ್ಡು ನಮ್ಮ ಮನೆಯ ಅಟ್ಟದಲ್ಲಿತ್ತು. ಚಿಕ್ಕಪ್ಪ ಸೇನೆಯ ಎಂಜಿನಿಯರ್ ದಳದಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ಬೆಂಗಳೂರಿನಲ್ಲಿದ್ದಾಗ ಅವರ ಮಗಳು, ಅಂದರೆ ನನ್ನ ತಂಗಿ, ಹಲಸೂರು ಕೆರೆಯಲ್ಲಿ ಇದನ್ನು ಕಲಿತಳು. ಅಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸೇನೆಯ ಎಂಜಿನಿಯರ್‌ಗಳು 1985ರಲ್ಲಿ ಹೊರಟು 1987ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಬಂದ ಹಾಯಿದೋಣಿಯ ಹೆಸರೂ ತೃಷ್ಣಾ. ಚಿಕ್ಕಪ್ಪ ಊರಿಗೆ ಬರುವಾಗ ಪರಿಚಯದವರೊಬ್ಬರು ತಮ್ಮ ಹಳೆಯ ಬೋರ್ಡನ್ನು ಕೊಟ್ಟು ಕಳಿಸಿದ್ದರು. ಹೆಸರು ಅಳಿಸಿ ಹೋಗಿದೆ, ಬಣ್ಣ ಬಿಳಿಯೋ ಹಳದಿಯೋ ಹೇಳುವುದು ಕಷ್ಟ. ಅದರ ಮೇಲೆ ಕಾಲಿಡುವ ಜಾಗದ ಫೋಮ್ ಹೊದಿಕೆ ಅಂಚಿನಲ್ಲೆಲ್ಲ ಎದ್ದು, ನಡುವೆ ಪುಡಿಯಾಗಿ, ಮುಟ್ಟಿದರೆ ಅಂಗೈಗೆ ಕಪ್ಪು ಮಸಿ ಹತ್ತುತ್ತಿತ್ತು. ಜೂನ್‌ನಲ್ಲಿ ಗೋವಾದ ತರಬೇತಿ ಶಿಬಿರಕ್ಕೆ ಬೋರ್ಡ್ ಸಮೇತ ಬರಬೇಕು ಎಂದು ತಂಗಿಗೆ ಪತ್ರ ಬಂದದ್ದು ಮಾರ್ಚ್‌ನಲ್ಲಿ. ಹೊಸ ಬೋರ್ಡು ಲಕ್ಷಗಳ ಮಾತು. ಚಿಕ್ಕಮ್ಮ ಗುಜರಿಗೆ ಹಾಕಿ ಎಂದರು. ಗುಜರಿಯವನೂ ಬೇಡ ಎಂದ. ಅವನು ಹೇಳಿದ್ದೂ ಸರಿಯೇ: ಗಾಜಿನ ನಾರು, ಎಪಾಕ್ಸಿ ಸೇರಿ ಗಟ್ಟಿಯಾದ ಮೇಲೆ ಅದನ್ನು ಕರಗಿಸಿ ಮತ್ತೆ ಬಳಸಲು ಆಗುವುದಿಲ್ಲ.

ಫೋಮ್ ಇಲ್ಲದೆ ಆಡಬಾರದೆ ಎಂದು ನಾನೂ ಕೇಳಿದೆ. ನಮ್ಮ ಹೇಮಾವತಿ ಹೊಳೆಯ ಮೆಟ್ಟಿಲ ಮೇಲೆ ಪಾಚಿ ಕಟ್ಟಿದಾಗ ಇಳಿದು ನೋಡು ಎಂದಳು. ಪಟಕ್ಕೆ ಬೀಸುವ ಗಾಳಿಯ ಎಳೆತವನ್ನು ತಡೆಯಲು ಆಡುವವರು ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ನಿಲ್ಲುತ್ತಾರೆ. ಆ ಇಡೀ ಬಲ ಬೋರ್ಡಿಗೆ ದಾಟುವುದು ಎರಡು ಪಾದಗಳ ಮೂಲಕ. ಪಾದ ಜಾರಿದರೆ ಮೊದಲು ಆಡುವವರು, ಅವರ ಮೇಲೆ ಕಂಬ. ಹೊದಿಕೆಗೆ ಇನ್ನೊಂದು ಕೆಲಸವೂ ಇದೆ. ಹಿಮ್ಮಡಿ ಪದೇ ಪದೇ ಒಂದೇ ಜಾಗಕ್ಕೆ ಗುದ್ದಿದರೆ ಬೋರ್ಡಿನ ತೆಳು ಚರ್ಮ ಒಳಗೆ ಕುಸಿಯುತ್ತದೆ, ಅದನ್ನು ತಡೆಯುವುದು.

ಬೋರ್ಡಿನ ಹೊಟ್ಟೆಯೊಳಗೆ

ಈ ಬೋರ್ಡು ಒಳಗೊಂದು ಹೊರಗೊಂದು. ಒಳಗೆ ಪಾಲಿಸ್ಟೈರೀನ್ ಫೋಮ್, ಅಂದರೆ ಟಿವಿ ಡಬ್ಬದಲ್ಲಿ ಬರುವ ಥರ್ಮೋಕೋಲ್‌ನ ಗಟ್ಟಿ ಅಣ್ಣ. ಅದರ ಸುತ್ತ ಗಾಜಿನ ನಾರಿನ ಬಟ್ಟೆ ಸುತ್ತಿ ಎಪಾಕ್ಸಿ ಕುಡಿಸಿದ ಚರ್ಮ. ಮೇಲೆ ಕಾಲಿಗೆ ಇವಿಎ ಫೋಮ್, ಪೂರ್ತಿ ಹೆಸರು ಎಥಿಲಿನ್ ವಿನೈಲ್ ಅಸಿಟೇಟ್. ಹೆಸರು ದೊಡ್ಡದು, ವಸ್ತು ನಮ್ಮದೇ. ನಾವು ಹಾಕುವ ಹಗುರ ಚಪ್ಪಲಿಯ ಅಟ್ಟೆ, ಶೂಗಳ ಒಳ ಸೋಲು, ಮಕ್ಕಳು ನೆಲಕ್ಕೆ ಜೋಡಿಸುವ ಬಣ್ಣದ ಚೌಕ, ಎಲ್ಲವೂ ಇದೇ. ಹಾಸಿಗೆಯ ಸ್ಪಂಜಿನಲ್ಲಿ ಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ, ನೀರು ಕುಡಿಯುತ್ತದೆ. ಇವಿಎಯಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿದ ಕೋಣೆ, ನೀರು ಒಳಗಿಳಿಯದು. ಅದಕ್ಕೇ ಅದು ಬೋರ್ಡಿಗೂ ಆಯಿತು, ಚಪ್ಪಲಿಗೂ ಆಯಿತು.

ಹಳೆಯ ಹೊದಿಕೆ ಕೀಳುವುದು ಎರಡು ಗಂಟೆಯ ಕೆಲಸ ಎಂದುಕೊಂಡಿದ್ದೆವು, ಎರಡು ದಿನ ಹಿಡಿಯಿತು. ಕೆಲವು ಕಡೆ ಬಾಳೆ ಸಿಪ್ಪೆಯಂತೆ ಸುಲಿದು ಬಂತು, ಕೆಲವು ಕಡೆ ಉಗುರಿಗೊಂದು ಚೂರು. ಕಾಯಿಸಿದರೆ ಅಂಟು ಸಡಿಲವಾಗುತ್ತದೆ. ಆದರೆ ಎಲೆಕ್ಟ್ರಿಷಿಯನ್‌ಗಳ ಹೀಟ್ ಗನ್ ತಂದರೆ ಒಳಗಿನ ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಕುಗ್ಗಿಬಿಡುತ್ತದೆ. ತಲೆಗೂದಲ ಡ್ರೈಯರ್ ಹಿಡಿದು, ಕೈ ತಡೆಯುವಷ್ಟೇ ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿದೆವು. ಚಾಕು ಬೇಡವೇ ಬೇಡ ಎಂದು ಚಿಕ್ಕಪ್ಪ ಮೊದಲೇ ಕಿತ್ತಿಟ್ಟಿದ್ದರು. ಚರ್ಮದಲ್ಲಿ ಒಂದು ಗೀರು ಬಿದ್ದರೆ ನೀರಿಗೆ ಬಾಗಿಲು ತೆರೆದಂತೆ.

ಉಳಿದ ಅಂಟಿನ ಕಲೆ ತೆಗೆಯುವ ವಿಷಯದಲ್ಲಿ ಮನೆಯಲ್ಲಿ ಒಂದು ಸಭೆಯೇ ಆಯಿತು. ಪೆಟ್ರೋಲ್ ಎಂದರೊಬ್ಬರು, ಥಿನ್ನರ್ ಎಂದರು ಇನ್ನೊಬ್ಬರು. ಒಂದು ಲೋಟದಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ ಥರ್ಮೋಕೋಲ್ ಚೂರು ಬಿಟ್ಟು ನೋಡಿ, ಬಿಸಿ ಕಾಫಿಗೆ ಬಿದ್ದ ಸಕ್ಕರೆಯಂತೆ ಕರಗಿ ಅಂಟಂಟಾಗುತ್ತದೆ. ಅಸಿಟೋನ್ ಕೂಡ ಹಾಗೇ. ಗಟ್ಟಿಯಾದ ಎಪಾಕ್ಸಿ ಚರ್ಮ ಅಸಿಟೋನ್‌ನ ಒಂದು ಒರೆಸುವಿಕೆಯನ್ನು ತಡೆದುಕೊಳ್ಳುತ್ತದೆ, ಆದರೆ ಚರ್ಮದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಗುಹೆಯೇ ಕೊರೆದೀತು. ಪ್ಲಾಸ್ಟಿಕ್ ಚರ್ಮದ ಬೋರ್ಡುಗಳೂ ಇವೆ, ಎಬಿಎಸ್ ಆದರೆ ಅಸಿಟೋನ್ ಮೇಲ್ಮೈಯನ್ನೇ ಕರಗಿಸುತ್ತದೆ. ನಾವು ಔಷಧ ಅಂಗಡಿಯ ಸ್ಪಿರಿಟ್ ತಂದು, ಬಟ್ಟೆ ನೆನೆಸಿ, ತಾಳ್ಮೆಯಿಂದ ಉಜ್ಜಿದೆವು. ನಿಧಾನ, ಆದರೆ ಫೋಮ್‌ಗೆ ಅಪಾಯವಿಲ್ಲ.

ಹೊದಿಕೆ ಹೋದ ಮೇಲೆಯೇ ನಿಜವಾದ ಸಮಸ್ಯೆ ಕಂಡದ್ದು. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಐದು ರೂಪಾಯಿ ನಾಣ್ಯದಿಂದ ಇಡೀ ಮೇಲ್ಮೈ ತಟ್ಟಿದೆವು. ಗಟ್ಟಿ ಇದ್ದ ಕಡೆ ಟಣ್ ಟಣ್. ಹಿಂದಿನ ಕಾಲುಪಟ್ಟಿಯ ಸ್ಕ್ರೂ ಬಳಿ, ಅಂಗೈ ಅಗಲದಷ್ಟು ಜಾಗದಲ್ಲಿ ಬದ್ ಬದ್. ಅಲ್ಲಿ ಚರ್ಮ ಒಳಗಿನ ಫೋಮ್‌ನಿಂದ ಬಿಟ್ಟುಕೊಂಡಿದೆ ಎಂದರ್ಥ. ಒತ್ತಿದರೆ ಸ್ಕ್ರೂ ರಂಧ್ರದಿಂದ ಎರಡು ಹನಿ ನೀರು ಬಂತು. ಎರಡು ವರ್ಷ ಅಟ್ಟದಲ್ಲಿದ್ದ ಬೋರ್ಡು! ಹಳೆಯ ಹೊದಿಕೆಯ ಮೇಲೇ ಹೊಸದನ್ನು ಅಂಟಿಸಿದರಾಯಿತು ಎಂಬ ಸಲಹೆ ಮೊದಲು ಬಂದಿತ್ತು. ಹಾಗೆ ಮಾಡಿದ್ದರೆ ಈ ಹುಣ್ಣಿಗೆ ಬಟ್ಟೆ ಮುಚ್ಚಿದಂತಾಗುತ್ತಿತ್ತು, ನೀರಿನ ನಡುವೆ ಕಾಲುಪಟ್ಟಿ ಕಿತ್ತು ಬರುತ್ತಿತ್ತು. ತಂಗಿಯ ಮುಖ ನೋಡಿ ಯಾರೂ ಮಾತಾಡಲಿಲ್ಲ. ಶಿಬಿರಕ್ಕೆ ಹತ್ತು ವಾರ ಇತ್ತು.

ಮೊದಲು ಒಣಗಿಸಬೇಕು. ಎಷ್ಟು ಒಣಗಿದೆ ಎಂದು ತಿಳಿಯುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಆಲೂಗೆಡ್ಡೆ ಮೂಟೆ ತೂಗುವ ತಕ್ಕಡಿಗೆ ಬರವೇ? ವಾರಕ್ಕೆರಡು ಸಲ ಬೋರ್ಡನ್ನು ತೂಗಿ ಗೋಡೆಯ ಮೇಲೆ ಬರೆದೆವು. ಎಲ್ಲ ಸ್ಕ್ರೂ ತೆಗೆದು, ರಂಧ್ರಗಳು ಕೆಳಮುಖವಾಗುವಂತೆ ನೆರಳಲ್ಲಿ ನೇತು ಹಾಕಿ, ಫ್ಯಾನ್ ಬಿಟ್ಟೆವು. ತೂಕ ಇಳಿಯುತ್ತಾ ಬಂದು ಮೂರನೇ ವಾರದಲ್ಲಿ ನಿಂತಿತು.

ನೆರಳು ಎಂದೆ, ಅದಕ್ಕೆ ಕಾರಣವಿದೆ. ಬೋರ್ಡಿನ ಮೇಲೆ ಗಾಳಿ ಬಿಡುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಬಿಗಿದು ಬೋರ್ಡನ್ನು ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಏನಾಗುತ್ತದೆ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಒಳಗಿನ ಗಾಳಿ 25 ಡಿಗ್ರಿಯಿಂದ 60 ಡಿಗ್ರಿಗೆ ಏರಿತು ಎನ್ನಿ, ಕೆಲ್ವಿನ್‌ನಲ್ಲಿ 298ರಿಂದ 333. ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಒತ್ತಡ ಸುಮಾರು ಶೇ 12ರಷ್ಟು ಹೆಚ್ಚುತ್ತದೆ. ಕೇಳಲು ಕಡಿಮೆ. ಒಂದು ಚದರ ಮೀಟರ್ ಮೇಲೆ ಅದು ಸುಮಾರು 1,200 ಕಿಲೋ ಭಾರಕ್ಕೆ ಸಮ. ಚರ್ಮವನ್ನು ಒಳಗಿನಿಂದ ಅಷ್ಟು ಬಲದಲ್ಲಿ ತಳ್ಳಿದರೆ ಬಿಟ್ಟುಕೊಳ್ಳದೆ ಏನು ಮಾಡೀತು? ಹಾಗಾಗಿ ದಡದಲ್ಲಿದ್ದಾಗ ಆ ಸ್ಕ್ರೂ ಸಡಿಲ, ನೀರಿಗೆ ಇಳಿಯುವ ಮುನ್ನ ಬಿಗಿ. ಪಿಯುಸಿಯಲ್ಲಿ ಓದಿದ ಅನಿಲ ನಿಯಮ ಪರೀಕ್ಷೆಯ ಹೊರಗೆ ನನಗೆ ಕಂಡದ್ದು ಇದೇ ಮೊದಲು.

ಬಿಟ್ಟುಕೊಂಡ ಜಾಗ ಸರಿಪಡಿಸಲು ಹಾಸನದಲ್ಲಿ ಫೈಬರ್ ಕೆಲಸ ಮಾಡುವವರ ಹತ್ತಿರ ಹೋದೆವು. ಒಳ್ಳೆಯ ಕೆಲಸಗಾರರು, ವಾಹನಗಳ ಬಂಪರ್, ನೀರಿನ ತೊಟ್ಟಿ ಮಾಡುತ್ತಾರೆ. ಆದರೆ ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಸ್ಟೈರೀನ್ ದ್ರಾವಣ ಇರುತ್ತದೆ, ಅದು ಪಾಲಿಸ್ಟೈರೀನ್ ಫೋಮನ್ನು ತಿಂದುಹಾಕುತ್ತದೆ. ಬೋರ್ಡಿನೊಳಗೆ ಥರ್ಮೋಕೋಲ್ ಇದೆ ಎಂದ ಕೂಡಲೇ ಅವರೇ ಕೈ ಎತ್ತಿ, ಎಪಾಕ್ಸಿ ತಗೊಂಡು ನೀವೇ ಮಾಡ್ಕೊಳಿ ಎಂದರು. ಸತ್ತ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಸಿರಿಂಜ್‌ನಿಂದ ಒಂದು ರಂಧ್ರಕ್ಕೆ ಹಾಕಿ, ಇನ್ನೊಂದರಿಂದ ಹೊರಬರುವವರೆಗೆ ತುಂಬಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಇಟ್ಟಿಗೆ. ಎರಡು ದಿನ ಬಿಟ್ಟು, ಉಪ್ಪುಕಾಗದದಲ್ಲಿ ನಯ ಮಾಡಿ, ಒಂದು ಪದರ ಗಾಜಿನ ಬಟ್ಟೆಯನ್ನೂ ಎಪಾಕ್ಸಿಯಲ್ಲಿ ಅಂಟಿಸಿದೆವು. ಮರುದಿನ ನಾಣ್ಯ ತಟ್ಟಿದಾಗ ಟಣ್ ಎಂದಿತು. ಚಿಕ್ಕಪ್ಪ ಮೂರು ಸಲ ತಟ್ಟಿಸಿದರು.

ಅಂಟಿನ ಶಾಸ್ತ್ರ

ಇನ್ನು ಹೊಸ ಹೊದಿಕೆ. ಬೋರ್ಡಿಗೆಂದೇ ಕತ್ತರಿಸಿ, ಹಿಂಬದಿಗೆ ಸ್ಟಿಕ್ಕರ್‌ನಂತೆ ಅಂಟು ಬಳಿದ ಪ್ಯಾಡುಗಳು ಹೊರದೇಶದಲ್ಲಿ ಸಿಗುತ್ತವೆ. ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆವು. ಚಪ್ಪಲಿ ಮಾಡುವವರಿಗೆ ಮಾಲು ಕೊಡುವ ಅಂಗಡಿಯಲ್ಲಿ 4 ಮಿಲಿಮೀಟರ್ ದಪ್ಪದ ಇವಿಎ ಹಾಳೆ ಸಿಕ್ಕಿತು. ಹಾಳೆ ಆರಿಸುವಾಗ ಉಗುರಿನಿಂದ ಒತ್ತಿ ನೋಡಬೇಕು. ಗುರುತು ಹಾಗೇ ಉಳಿದರೆ ತೀರಾ ಮೆದು, ಬೇಗ ಚಪ್ಪಟೆಯಾಗುತ್ತದೆ. ಕೂಡಲೇ ಮೇಲೆದ್ದರೆ ಸರಿ.

ಅಂಟಿನ ಬಗ್ಗೆ ನನಗೆ ಪಾಠ ಹೇಳಿದ್ದು ನಮ್ಮ ಬಸ್ ನಿಲ್ದಾಣದ ಹತ್ತಿರ ಛತ್ರಿ ಕೆಳಗೆ ಕೂತು ಚಪ್ಪಲಿ ಹೊಲಿಯುವ ಯಜಮಾನರು. ಮಷಿನ್ ಡಿಸೈನ್‌ನಲ್ಲಿ ನಾವು ರಿವೆಟ್ ಜೋಡಣೆ, ವೆಲ್ಡಿಂಗ್ ಜೋಡಣೆ ಎಂದು ಪುಟಗಟ್ಟಲೆ ಲೆಕ್ಕ ಮಾಡುತ್ತೇವೆ. ಅಂಟಿನ ಜೋಡಣೆಗೆ ಅಷ್ಟು ಮರ್ಯಾದೆ ಇಲ್ಲ. ಇವತ್ತು ಕಾರಿನ ಬಾಡಿಯಿಂದ ವಿಮಾನದ ರೆಕ್ಕೆಯವರೆಗೆ ಅಂಟಿನ ಜೋಡಣೆ ಇದೆ, ಆದರೂ. ಯಜಮಾನರ ಹತ್ತಿರ ಹಾಳೆ ತೋರಿಸಿ, ಇದನ್ನ ಫೈಬರಿಗೆ ಅಂಟಿಸಬೇಕು, ಮೇಲೆ ನೀರು ಬೀಳ್ತದೆ ಯಜಮಾನ್ರೇ ಎಂದೆ. ಅವರು ತಲೆ ಎತ್ತದೆ ಹೇಳಿದರು:

‘ಎರಡೂ ಕಡೆ ಬಳಿಯಪ್ಪ. ತೆಳ್ಳಗೆ. ಆಮೇಲೆ ಸುಮ್ನೆ ಕೂತ್ಕೊ. ಬೆರಳು ಇಟ್ರೆ ಅಂಟು ಕೈಗೆ ಬರ್ಬಾರ್ದು, ಆದ್ರೆ ಅಂಟು ಐತೆ ಅಂತ ಬೆರಳಿಗೆ ಗೊತ್ತಾಗ್ಬೇಕು. ಆವಾಗ ಕೂಡ್ಸು. ಹಸೀಲಿ ಅಂಟ್ಸಿದ್ರೆ ವಾರಕ್ಕೇ ಬಾಯಿ ಬಿಡ್ತದೆ.’

ಅವರ ಡಬ್ಬದಲ್ಲಿದ್ದದ್ದು ಸಿಂಥೆಟಿಕ್ ರಬ್ಬರ್ ಅಂಟು. ಬಡಗಿಗಳು ಲ್ಯಾಮಿನೇಟ್ ಅಂಟಿಸಲು ಬಳಸುವ ಫೆವಿಕಾಲ್ ಎಸ್‌ಆರ್ ಜಾತಿಯದು. ಬಿಳಿ ಫೆವಿಕಾಲ್ ಬೇರೆ, ಅದು ನೀರು ಬಿಟ್ಟುಕೊಂಡು ಒಣಗುವಂಥದ್ದು, ಇಲ್ಲಿ ನಡೆಯದು. ಈ ಅಂಟಿನಲ್ಲಿ ರಬ್ಬರಿನ ಉದ್ದುದ್ದ ಸರಪಳಿಗಳು ದ್ರಾವಕದಲ್ಲಿ ಕರಗಿರುತ್ತವೆ. ದ್ರಾವಕ ಹಾರಿಹೋದ ಮೇಲೆ ಎರಡು ಪದರಗಳನ್ನು ಕೂಡಿಸಿ ಒತ್ತಿದರೆ ಆ ಕಡೆಯ ಸರಪಳಿ ಈ ಕಡೆಯದರೊಳಗೆ ನುಗ್ಗಿ ಹೆಣೆದುಕೊಳ್ಳುತ್ತದೆ. ಹಸಿ ಇರುವಾಗಲೇ ಕೂಡಿಸಿದರೆ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಮೇಲೆ ಇವಿಎ, ಕೆಳಗೆ ಎಪಾಕ್ಸಿ, ಎರಡೂ ಮುಚ್ಚಿದ ಗೋಡೆ. ಅದು ಒಳಗೇ ಕೂತು ಗುಳ್ಳೆ ಕಟ್ಟುತ್ತದೆ. ಯಜಮಾನರು ಅಂಟಿಸಿದ ಅಟ್ಟೆಯನ್ನು ಸುತ್ತಿಗೆಯಿಂದ ಟಕ ಟಕ ಬಡಿಯುತ್ತಾರಲ್ಲ, ಅದಕ್ಕೂ ಅರ್ಥವಿದೆ. ಈ ಬಗೆಯ ಅಂಟಿಗೆ ಎಷ್ಟು ಹೊತ್ತು ಒತ್ತಿದಿರಿ ಎನ್ನುವುದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಎನ್ನುವುದು ಮುಖ್ಯ.

ಒಂದು ಮಾತು. ಈ ಅಂಟಿನ ಘಾಟು ತಲೆ ತಿರುಗಿಸುವುದಷ್ಟೇ ಅಲ್ಲ. ಕೆಲವು ಅಂಟುಗಳಲ್ಲಿರುವ ಹೆಕ್ಸೇನ್‌ನಿಂದ ಶೂ ಕಾರ್ಖಾನೆಗಳ ಕಾರ್ಮಿಕರ ಕೈಕಾಲಿನ ನರಗಳು ಹಾಳಾದದ್ದು ಜಪಾನ್, ಇಟಲಿಗಳಲ್ಲಿ ದಾಖಲಾಗಿದೆ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕಿಟಕಿ ಮುಚ್ಚಿ ಪ್ರಾಜೆಕ್ಟ್ ಮಾಡೆಲ್ ಅಂಟಿಸುವ ನನ್ನ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಯಲಲ್ಲಿ ಕೂತು ಮಾಡಿ, ಹತ್ತಿರ ಒಲೆ, ಬೀಡಿ ಬೇಡ.

ಅಂಟಿಸುವ ಮುನ್ನ ಎರಡು ಪರೀಕ್ಷೆ ಮಾಡಿದೆವು. ಒಂದು, ತೊಳೆದ ಬೋರ್ಡಿನ ಮೇಲೆ ನೀರು ಚಿಮುಕಿಸುವುದು. ನೀರು ಹಾಳೆಯಂತೆ ಹರಡಿ ನಿಂತರೆ ಮೇಲ್ಮೈ ಶುದ್ಧ, ಕೆಸುವಿನ ಎಲೆಯ ಮೇಲಿನಂತೆ ಮಣಿ ಮಣಿಯಾದರೆ ಇನ್ನೂ ಜಿಡ್ಡಿದೆ. ವಿಮಾನದ ಭಾಗಗಳನ್ನು ಅಂಟಿಸುವವರೂ ಇದೇ ಪರೀಕ್ಷೆ ಮಾಡುತ್ತಾರೆ. ನಮ್ಮದು ಎರಡು ಸಲ ಮಣಿ ಕಟ್ಟಿ ಮೂರನೇ ಸಲ ಪಾಸಾಯಿತು. ಇನ್ನೊಂದು, ಫೈಬರ್ ಚೂರುಗಳ ಮೇಲೆ ಮೂರು ಬಗೆಯ ಅಂಟಿನಲ್ಲಿ ಇವಿಎ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು, ತುದಿ ಹಿಡಿದು ಎಳೆಯುವುದು. ಫೆವಿಕ್ವಿಕ್ ಅಂಟಿದ್ದು ಬಾಗಿಸಿದ ಕೂಡಲೇ ಚಟ್ ಎಂದಿತು, ಅದು ಗಾಜಿನಂತೆ ಪೆಡಸು. ಎಪಾಕ್ಸಿಯದ್ದು ಇವಿಎ ಕಡೆಯಿಂದ ನೀಟಾಗಿ ಬಿಟ್ಟು ಬಂತು. ಇವಿಎ, ಪಾಲಿಥಿನ್ ಒಂದೇ ಮನೆತನ. ಪ್ಲಾಸ್ಟಿಕ್ ಕೊಡ ಒಡೆದರೆ ಯಾವ ಅಂಟೂ ಹಿಡಿಯದಿರುವುದನ್ನು ನೀವು ಮನೆಯಲ್ಲೇ ನೋಡಿರುತ್ತೀರಿ, ಅದೇ ಗುಣ ಸ್ವಲ್ಪ ಇದಕ್ಕೂ ಇದೆ. ರಬ್ಬರ್ ಅಂಟಿನ ಪಟ್ಟಿ ಎಳೆದಾಗ ಮಾತ್ರ ಅಂಟು ಬಿಡಲಿಲ್ಲ, ಫೋಮೇ ಹರಿಯಿತು. ಹಿಂಬದಿಯನ್ನು ಉಪ್ಪುಕಾಗದದಲ್ಲಿ ಒರಟು ಮಾಡಿದ ಪಟ್ಟಿ ಅದು. ಒರಟು ಮಾಡದ್ದು ಅರ್ಧಕ್ಕೇ ಬಂತು.

ಲಟ್ಟಣಿಗೆಯ ದಿನ

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ, ಹತ್ತು ಗಂಟೆಗೆ ಶುರು ಮಾಡಿದೆವು. ಬೇಗ ಬೇಡ, ಇಬ್ಬನಿಯ ತೇವ ಇರುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ದ್ರಾವಕ ಆವಿಯಾಗುವಾಗ ಅಂಟಿನ ಪದರ ತಣ್ಣಗಾಗುತ್ತದೆ, ಸ್ಪಿರಿಟ್ ಒರೆಸಿದಾಗ ಕೈ ತಣ್ಣಗಾಗುವ ಹಾಗೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ, ಅಂಟು ಹಿಡಿಯುವುದಿಲ್ಲ.

ಹಳೆಯ ಪತ್ರಿಕೆಗಳನ್ನು ಜೋಡಿಸಿ ಹೊದಿಕೆಯ ಆಕಾರವನ್ನು ಮೊದಲೇ ಕತ್ತರಿಸಿಟ್ಟಿದ್ದೆವು. ಮೂಲೆಗಳನ್ನೆಲ್ಲ ದುಂಡಗೆ ಮಾಡಿದ್ದು ಚೆಂದಕ್ಕಲ್ಲ. ಅಂಟಿದ ವಸ್ತುವನ್ನು ಪಕ್ಕಕ್ಕೆ ಜಾರಿಸಲು ತುಂಬ ಬಲ ಬೇಕು, ಯಾಕೆಂದರೆ ಇಡೀ ವಿಸ್ತೀರ್ಣ ಸೇರಿ ತಡೆಯುತ್ತದೆ. ತುದಿ ಹಿಡಿದು ಸುಲಿಯಲು ಸ್ವಲ್ಪವೇ ಸಾಕು, ಆಗ ಒಂದು ಗೆರೆಯಷ್ಟು ಅಂಟು ಮಾತ್ರ ಹೋರಾಡುತ್ತದೆ. ಚೂಪು ಮೂಲೆಯಲ್ಲಿ ಆ ಗೆರೆ ಒಂದು ಚುಕ್ಕೆಯಾಗುತ್ತದೆ. ಚಪ್ಪಲಿ ಬಾಯಿ ಬಿಡುವುದು ಯಾವಾಗಲೂ ತುದಿಯಿಂದಲೇ ತಾನೆ? ಅಂಚನ್ನೂ ಓರೆಯಾಗಿ ಕತ್ತರಿಸಿದೆವು, ಕಾಲ್ಬೆರಳು ಎಡವಿ ಎಬ್ಬಿಸದಿರಲಿ ಎಂದು.

ಬೋರ್ಡಿಗೆ ಒಂದು ಪದರ, ಫೋಮ್‌ಗೆ ಎರಡು ಪದರ ಬಳಿದು ಕಾದೆವು. ಕಾಯುವುದೇ ಕಷ್ಟ, ಚಿಕ್ಕಪ್ಪ ಎರಡು ನಿಮಿಷಕ್ಕೊಮ್ಮೆ ಬೆರಳು ಇಟ್ಟು ನೋಡುತ್ತಿದ್ದರು. ಈ ಅಂಟು ಒಮ್ಮೆ ಮುಟ್ಟಿದರೆ ಮುಗಿಯಿತು, ಸರಿಸಲು ಆಗುವುದಿಲ್ಲ. ಅದಕ್ಕೆ ನಡುವೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಹೊದಿಕೆ ಇಟ್ಟು, ನಡುಗೆರೆಗೆ ಸರಿಯಾಗಿ ಕೂರಿಸಿ, ತಂಗಿ ಕಾಗದವನ್ನು ಇಂಚಿಂಚಾಗಿ ಎಳೆಯುತ್ತಾ ಬಂದಳು, ನಾನು ಹಿಂದಿನಿಂದ ಒತ್ತುತ್ತಾ ಬಂದೆ. ಹಾಳೆಯನ್ನು ಎಳೆದು ಹಿಗ್ಗಿಸಿ ಅಂಟಿಸಬಾರದು. ಹಿಗ್ಗಿದ ಫೋಮ್ ಮತ್ತೆ ಕುಗ್ಗಲು ನೋಡುತ್ತದೆ, ಹಗಲೂ ರಾತ್ರಿ ತನ್ನ ಅಂಚನ್ನು ತಾನೇ ಎಳೆಯುತ್ತಿರುತ್ತದೆ. ಕೊನೆಗೆ ಚಿಕ್ಕಮ್ಮನ ಲಟ್ಟಣಿಗೆ ಬಂತು. ಚಪಾತಿ ಲಟ್ಟಿಸುವಂತೆ ನಡುವಿನಿಂದ ಹೊರಕ್ಕೆ, ಮೈ ಭಾರವನ್ನೆಲ್ಲ ಹಾಕಿ. ಆ ಲಟ್ಟಣಿಗೆ ಅಡುಗೆಮನೆಗೆ ಮತ್ತೆ ಹೋಗಲಿಲ್ಲ, ಹೊಸದು ಕೊಡಿಸಬೇಕಾಯಿತು. ಅದನ್ನೂ ಸೇರಿಸಿ ಒಟ್ಟು ಖರ್ಚು ಮೂರು ಸಾವಿರದ ಒಳಗೆ.

ಹೊಸ ಇವಿಎ ಮೇಲ್ಮೈಗೆ ನುಣುಪಾದ ಪೊರೆಯಿರುತ್ತದೆ, ನೀರು ಬಿದ್ದರೆ ಅದೂ ಜಾರುತ್ತದೆ. ಒರಟು ಉಪ್ಪುಕಾಗದದಲ್ಲಿ ಆ ಪೊರೆ ತೆಗೆದು, ನೀರು ಹರಿದುಹೋಗಲು ಸ್ಟೀಲ್ ಸ್ಕೇಲ್ ಇಟ್ಟು ಓರೆ ಗೆರೆಗಳನ್ನು ಕೊರೆದೆವು. ಈ ಕೆಲಸಕ್ಕೆ ಇಡೀ ಭಾನುವಾರ ಹೋಯಿತು. ಕಾಲುಪಟ್ಟಿಯ ಸ್ಕ್ರೂ ರಂಧ್ರಗಳಿಗೆ ಸಿಲಿಕಾನ್ ಹಚ್ಚಿ ಬಿಗಿದೆವು, ನೀರು ಮೊದಲ ಸಲ ನುಗ್ಗಿದ್ದೇ ಅಲ್ಲಿಂದ.

ನಮ್ಮೂರಿಗೆ ಹತ್ತಿರ ಗೊರೂರಿನ ಹೇಮಾವತಿ ಜಲಾಶಯವಿದೆ, ತುಂಬಿದಾಗ 37 ಟಿಎಂಸಿ ನೀರು, ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಮುಳುಗಿಸುವಷ್ಟು. ಮುಂಗಾರಿನಲ್ಲಿ ಅಲ್ಲಿ ಬೀಸುವ ಗಾಳಿ ನೋಡಿದರೆ ತಂಗಿಗೆ ಕೈ ತುರಿಸುತ್ತದೆ. ಆದರೆ ಅನುಮತಿ, ರಕ್ಷಣಾ ದೋಣಿ ಯಾವುದೂ ಇಲ್ಲದೆ ಜಲಾಶಯಕ್ಕೆ ಇಳಿಯುವುದು ಹುಚ್ಚುತನ. ಸೇಲಿಂಗ್ ರೇಸುಗಳು ನಡೆದಿರುವ ಕೆಆರ್‌ಎಸ್ ಹಿನ್ನೀರಿಗೆ, ಚಿಕ್ಕಪ್ಪನ ಹಳೆಯ ಪರಿಚಯದವರ ಕಣ್ಣೆದುರಿಗೆ, ಮೇ ಕೊನೆಯ ವಾರ ಟೆಂಪೊದಲ್ಲಿ ಬೋರ್ಡ್ ಹೇರಿಕೊಂಡು ಹೋದೆವು. ಲೈಫ್ ಜಾಕೆಟ್ ಹಾಕಿ ಎರಡು ಗಂಟೆ ಆಡಿದಳು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಪಾದ ಜಾರಿ ಬಿದ್ದದ್ದು ಒಂದೂ ಇಲ್ಲವಂತೆ. ಮನೆಗೆ ಬಂದು ತೂಗಿದಾಗ ಬೋರ್ಡಿನ ತೂಕ ಗೋಡೆಯ ಮೇಲಿನ ಕೊನೆಯ ಅಂಕಿಯಷ್ಟೇ ಇತ್ತು.

ಬಲಗಡೆಯ ಹಿಂದಿನ ಅಂಚು ಮಾತ್ರ ಉಗುರಿನಷ್ಟು ಎದ್ದಿತ್ತು. ಅಲ್ಲಿ ಬೋರ್ಡು ಎರಡು ಕಡೆಗೂ ಬಾಗಿದೆ, ಚಪ್ಪಟೆ ಹಾಳೆ ಅಲ್ಲಿ ಒಲ್ಲದ ಮನಸ್ಸಿನಿಂದ ಕೂರುತ್ತದೆ. ಒಣಗಿಸಿ, ಕಡ್ಡಿಯಲ್ಲಿ ಅಂಟು ತೂರಿಸಿ, ಕಾದು ಒತ್ತಿದೆವು. ಶಿಬಿರದಲ್ಲಿ ಮತ್ತೆ ಎದ್ದರೆ ಇರಲಿ ಎಂದು ಒಂದು ಸಣ್ಣ ಡಬ್ಬ ಅಂಟನ್ನು ಬ್ಯಾಗಿಗೆ ಹಾಕಲು ಹೋದೆ. ಬೆಂಕಿ ಹತ್ತುವ ವಸ್ತುವನ್ನು ರೈಲಿನಲ್ಲಿ ಒಯ್ಯುವಂತಿಲ್ಲ ಎಂದು ಚಿಕ್ಕಪ್ಪ ತೆಗೆದಿಟ್ಟರು. ಗೋವಾದಲ್ಲೂ ಚಪ್ಪಲಿ ರಿಪೇರಿಯವರು ಇದ್ದೇ ಇರುತ್ತಾರೆ ಬಿಡಣ್ಣ ಎಂದಳು ತಂಗಿ.